ಖರೀದಿ ಕಡತ ನಿಮ್ಮ ಟೇಬಲ್‌ಗೆ ಬಂತಾ? ಇದನ್ನೊಮ್ಮೆ ಓದಿ

ಹೊಸದಾಗಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿ ಸೇರಿದವರಿಗೆ ಖರೀದಿ ಶಾಖೆ ಕೊಟ್ಟರೆ ಅರ್ಧ ಜನ ಹೆದರುತ್ತಾರೆ, ಅರ್ಧ ಜನ ಖುಷಿ ಪಡುತ್ತಾರೆ. ಖುಷಿ ಪಡುವವರನ್ನು ಕಂಡರೆ ನನಗೆ ಹೆದರಿಕೆ. ಈ ಶಾಖೆಯಲ್ಲಿ ನಾನು ಹಲವು ವರ್ಷ ಕೂತಿದ್ದೇನೆ. ವಸ್ತು ಕೊಳ್ಳುವುದು ಸುಲಭ. ಯಾಕೆ ಕೊಂಡೆವು, ಇವರ ಹತ್ತಿರವೇ ಯಾಕೆ, ಈ ರೇಟಿಗೇ ಯಾಕೆ ಎಂದು ನಾಲ್ಕು ವರ್ಷ ಬಿಟ್ಟು ಬಂದು ಕೇಳುವ ಆಡಿಟರ್‌ಗೆ ನೀವಿಲ್ಲದಿದ್ದರೂ ಕಡತವೇ ಉತ್ತರ ಹೇಳಬೇಕು, ಕಷ್ಟ ಇರುವುದು ಅಲ್ಲಿ.

ಕರ್ನಾಟಕದಲ್ಲಿ ಇಲಾಖೆಯಾಗಲಿ, ನಿಗಮವಾಗಲಿ, ನಗರಸಭೆಯಾಗಲಿ, ಖರೀದಿಗೆ ಆಧಾರ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಮತ್ತು 2000ರ ನಿಯಮಗಳು. ಕಚೇರಿಯಲ್ಲಿ ಯಾರೂ ಇಷ್ಟುದ್ದ ಹೇಳುವುದಿಲ್ಲ, ಕೆಟಿಪಿಪಿ ಅಂದರೆ ಸಾಕು. ಟೆಂಡರ್ ಕರೆಯುವುದೇ ನಿಯಮ, ಕರೆಯದೆ ಕೊಳ್ಳುವುದು ವಿನಾಯಿತಿ. ಇದಿಷ್ಟು ತಲೆಯಲ್ಲಿದ್ದರೆ ಉಳಿದದ್ದು ತಾನಾಗಿ ಕೂರುತ್ತದೆ.

ಮೊದಲು ಯಾರು ಏನು ಮಾಡಬೇಕು ಅನ್ನುವುದನ್ನು ನೋಡಿಕೊಳ್ಳಿ. ಕಾಯ್ದೆಯಲ್ಲಿ ಟೆಂಡರ್ ಆಹ್ವಾನಿಸುವ ಪ್ರಾಧಿಕಾರ, ಟೆಂಡರ್ ಅಂಗೀಕರಿಸುವ ಪ್ರಾಧಿಕಾರ ಎಂದು ಎರಡಿವೆ. ನಿಮ್ಮ ಇಲಾಖೆಯಲ್ಲಿ ಎಷ್ಟು ಮೊತ್ತದವರೆಗೆ ಯಾರಿಗೆ ಅಧಿಕಾರ ಎಂಬ ಆದೇಶದ ಪ್ರತಿಯನ್ನು ಕಡತದ ಮೊದಲಲ್ಲೇ ಹಾಕಿಡಿ. ಸಾಹೇಬರ ಅಧಿಕಾರದ ಮಿತಿ ದಾಟಿದ ಖರೀದಿಗೆ ಸಾಹೇಬರೇ ಸಹಿ ಹಾಕಿಬಿಟ್ಟರೆ ಆಮೇಲೆ ಘಟನೋತ್ತರ ಅನುಮೋದನೆಗೆ, ಅಂದರೆ ಆಗಿಹೋದದ್ದಕ್ಕೆ ಮೇಲಿನವರ ಒಪ್ಪಿಗೆಗೆ, ಓಡಾಡುವವರು ನೀವೇ. ಇನ್ನೊಂದು, ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದವರು, ಸಾಮಾನು ಎಣಿಸಿ ತಗೊಂಡವರು, ಬಿಲ್ ಮಾಡಿದವರು ಒಬ್ಬರೇ ಆಗಿರಬಾರದು. ಸಣ್ಣ ಕಚೇರಿಗಳಲ್ಲಿ ಜನ ಕಡಿಮೆ, ನಿಜ. ಆದರೂ ಎಣಿಸುವ ಕೆಲಸವನ್ನಾದರೂ ಬೇರೆಯವರಿಗೆ ಕೊಡಿ.

ಟೆಂಡರ್‌ಗಿಂತ ಮುಂಚಿನ ಕೆಲಸಕ್ಕೆ ಜಾಸ್ತಿ ಸಮಯ ಕೊಡಿ. ಹತ್ತು ಕಂಪ್ಯೂಟರ್ ಬೇಕು ಅಂದುಕೊಳ್ಳಿ. ಹಳೆಯವು ಎಷ್ಟಿವೆ, ಎಷ್ಟು ಕೆಟ್ಟಿವೆ, ಬಜೆಟ್‌ನ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಎಷ್ಟು ಅನುದಾನ ಉಳಿದಿದೆ, ಇವತ್ತಿನ ಮಾರುಕಟ್ಟೆ ದರ ಎಷ್ಟು, ಇವೆಲ್ಲ ಟಿಪ್ಪಣಿಯಲ್ಲಿ ಬಂದ ಮೇಲೆಯೇ ಆಡಳಿತಾತ್ಮಕ ಅನುಮೋದನೆ ಕೇಳಿ. ತಾಂತ್ರಿಕ ವಿವರಣೆ ಬರೆಯುವಾಗ ಮಾತ್ರ ತುಂಬಾ ಹುಷಾರು. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಡೀಲರ್ ಕೊಟ್ಟ ಕ್ಯಾಟಲಾಗನ್ನೇ ಸುಮ್ನೆ ಟೈಪ್ ಮಾಡಿ ಹಾಕಿದ್ದರು. ಮಿಲಿಮೀಟರ್ ಲೆಕ್ಕದಲ್ಲಿ ಅಳತೆ ಸಮೇತ! ಅದಕ್ಕೆ ಹೊಂದುವ ಕಂಪನಿ ಒಂದೇ. ಬರೆದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಸೋಮಾರಿತನ ಅಷ್ಟೇ. ಆದರೆ ಆಡಿಟ್ ಮೆಮೊಗೆ (ಆಡಿಟರ್ ಎತ್ತಿದ ಆಕ್ಷೇಪಕ್ಕೆ) ಉತ್ತರವಾಗಿ ಅನುಪಾಲನಾ ವರದಿ ಬರೆಯುತ್ತಾ ಕೂತವನು ನಾನು. ಬ್ರಾಂಡ್ ಹೆಸರು ಬೇಡ, ಏನು ಕೆಲಸ ಮಾಡಬೇಕು ಅನ್ನುವುದನ್ನು ಬರೆಯಿರಿ.

ಈಗ ವಿನಾಯಿತಿ. ಸೆಕ್ಷನ್ 4 ಎಲ್ಲರಿಗೂ ಪ್ರಿಯವಾದ ಸೆಕ್ಷನ್. 4(ಎ) ನೈಸರ್ಗಿಕ ವಿಕೋಪ ಅಥವಾ ಸರ್ಕಾರ ಘೋಷಿಸಿದ ತುರ್ತು ಪರಿಸ್ಥಿತಿಗೆ. ಸರ್ಕಾರ ಘೋಷಿಸಬೇಕು, ನಿಮ್ಮ ಸಾಹೇಬರಿಗೆ ಅರ್ಜೆಂಟ್ ಇದ್ದರೆ ಆಗುವುದಿಲ್ಲ. 4(ಬಿ) ಒಬ್ಬರ ಹತ್ತಿರ ಮಾತ್ರ ಸಿಗುವ ವಸ್ತುವಿಗೆ. ಅದಕ್ಕೂ ಮೂವರು ತಜ್ಞರ ಸಮಿತಿ ಬೇಕು: ನಿಮ್ಮ ಸಂಸ್ಥೆಯವರೊಬ್ಬರು, ಅಂಥದ್ದೇ ಖರೀದಿ ಮಾಡುವ ಇನ್ನೊಂದು ಸರ್ಕಾರಿ ಸಂಸ್ಥೆಯವರೊಬ್ಬರು, ಹೊರಗಿನ ಶಿಕ್ಷಣ ಅಥವಾ ಸಂಶೋಧನಾ ಸಂಸ್ಥೆಯಿಂದ ಒಬ್ಬರು. ಡೀಲರ್ ತಂದುಕೊಟ್ಟ 'ನಾವೇ ಏಕೈಕ ತಯಾರಕರು' ಪತ್ರವನ್ನು ಮಾತ್ರ ನಂಬಿ ಕೂರಬೇಡಿ. ಇನ್ನು 4(ಜಿ). ಮೊಬೈಲ್ ನೆಟ್‌ವರ್ಕ್ ಅಲ್ಲ, ಆದರೆ ಅಷ್ಟೇ ಹಬ್ಬಿದೆ. ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಗೆ ಟೆಂಡರ್‌ನಿಂದ ವಿನಾಯಿತಿ ಕೊಡುವುದು ಇದು. ಕೆಆರ್‌ಐಡಿಎಲ್ (ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಯಮಿತ), ನಿರ್ಮಿತಿ ಕೇಂದ್ರಗಳಂಥ ಸರ್ಕಾರಿ ನಿರ್ಮಾಣ ಸಂಸ್ಥೆಗಳಿಗೆ ಕಾಮಗಾರಿ ವಹಿಸುವ ಮಾತು ಬಂದಾಗ ಇದರ ಹೆಸರು ಕೇಳುತ್ತೀರಿ. ಅಧಿಸೂಚನೆಯ ಮಾತು ಕೇಳಿ ಸುಮ್ಮನಾಗಬೇಡಿ, ಪ್ರತಿ ತರಿಸಿ ದಿನಾಂಕ, ಮೊತ್ತ, ಯಾವ ಕೆಲಸಕ್ಕೆ ಅನ್ನುವುದನ್ನು ಓದಿ.

ಸಣ್ಣ ಮೊತ್ತಕ್ಕೂ ವಿನಾಯಿತಿ ಇದೆ. ಅದರ ಹಿಂದೆಯೇ ದೊಡ್ಡ ಖರೀದಿಯನ್ನು ಆ ಮಿತಿಯೊಳಗೆ ತುಂಡು ಮಾಡುವ ಚಾಳಿಯೂ ಇದೆ. ಒಂದೇ ವಾರದಲ್ಲಿ, ಒಂದೇ ಅಂಗಡಿಗೆ, ಮಿತಿಗಿಂತ ಒಂದಿಷ್ಟು ಕಡಿಮೆ ಮೊತ್ತದ ಐದು ಸರಬರಾಜು ಆದೇಶ ಹೋದರೆ ಆಡಿಟರ್‌ಗೆ ಕ್ಯಾಲ್ಕುಲೇಟರ್ ಕೂಡ ಬೇಕಾಗಲ್ಲ. ವರ್ಷಕ್ಕೆ ಬೇಕಾದ್ದನ್ನು ಏಪ್ರಿಲ್‌ನಲ್ಲೇ ಒಟ್ಟು ಹಾಕಿ ಒಂದೇ ಟೆಂಡರ್ ಮಾಡಿ.

ಟೆಂಡರ್ ಈಗ ಕೆಪಿಪಿಪಿ (ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್) ಎಂಬ ಜಾಲತಾಣದಲ್ಲಿ ನಡೆಯುತ್ತದೆ, ಮುಂಚಿನ ಇ-ಪ್ರೊಕ್ಯೂರ್‌ಮೆಂಟ್ ಜಾಗಕ್ಕೆ ಬಂದದ್ದು. ಬಿಡ್ ಸಲ್ಲಿಸಲು ನಿಯಮದಲ್ಲಿ ಕನಿಷ್ಠ ಅವಧಿ ಇದೆ, ಅದನ್ನು ಕಡಿಮೆ ಮಾಡಬೇಕಾದರೆ ಟೆಂಡರ್ ಕರೆಯುವವರಿಗಿಂತ ಮೇಲಿನ ಅಧಿಕಾರಿ ಕಾರಣ ಬರೆದು ಒಪ್ಪಬೇಕು. 'ತುರ್ತು' ಅನ್ನುವ ಒಂದು ಪದ ಕಾರಣ ಆಗಲ್ಲ. ಎರಡು ಲಕೋಟೆ ಪದ್ಧತಿಯಾದರೆ ಮೊದಲು ತಾಂತ್ರಿಕ ಬಿಡ್, ಅದರಲ್ಲಿ ಪಾಸಾದವರ ದರದ ಬಿಡ್ ಮಾತ್ರ ಆಮೇಲೆ. ಟೆಂಡರ್ ದಾಖಲೆಯಲ್ಲಿ ಬರೆಯದ ಷರತ್ತನ್ನು ಪರಿಶೀಲನೆ ಹೊತ್ತಿಗೆ ಹುಟ್ಟಿಸಬೇಡಿ. ಯಾರನ್ನಾದರೂ ಕೈಬಿಟ್ಟರೆ ಯಾವ ಷರತ್ತು, ಯಾವ ದಾಖಲೆ ಇಲ್ಲ ಅನ್ನುವುದನ್ನು ಸಾಲು ಸಾಲಾಗಿ ಬರೆಯಿರಿ, ಯಾಕಂದರೆ ಅವರಿಗೆ ಸೆಕ್ಷನ್ 16ರಲ್ಲಿ 30 ದಿನದೊಳಗೆ ಮೇಲ್ಮನವಿ ಹಾಕುವ ಹಕ್ಕಿದೆ, ಹಾಕುತ್ತಾರೆ ಕೂಡ. ನಿಗದಿತ ಮೊತ್ತದವರೆಗಿನ ಕಾಮಗಾರಿಯಾದರೆ ಎಸ್‌ಸಿ 17.15%, ಎಸ್‌ಟಿ 6.95% ಮೀಸಲಾತಿಯನ್ನು ಟೆಂಡರ್ ಕರೆಯುವ ಮುಂಚೆಯೇ ಲೆಕ್ಕ ಹಾಕಿ. ಆಮೇಲೆ ಸರಿ ಮಾಡೋಣ ಅಂದರೆ ಆಗುವುದಿಲ್ಲ.

ಕಣ್ಣಿಡುವವರು ಬೇಕಾದಷ್ಟಿದ್ದಾರೆ. ಇಲಾಖೆಯ ಆರ್ಥಿಕ ಸಲಹೆಗಾರರು, ಮಹಾಲೇಖಪಾಲರ ಆಡಿಟ್, ಅದು ವರದಿಯಾದರೆ ವಿಧಾನಮಂಡಲದ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ದೂರು ಹೋದರೆ ಲೋಕಾಯುಕ್ತ. ಇವರೆಲ್ಲರಿಗಿಂತ ಬೇಗ ಬರುವುದು ಮಾಹಿತಿ ಹಕ್ಕಿನ ಅರ್ಜಿ, ಸೋತ ಬಿಡ್‌ದಾರನದ್ದು.

ಕೊನೆಗೆ ಮಾರ್ಚ್. ಅನುದಾನ ವಾಪಸ್ ಹೋಗುತ್ತದೆ ಅಂತ ಸಾಮಾನು ಬರುವ ಮುಂಚೆಯೇ 'ಸುಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ' ಎಂದು ಬಿಲ್ ಮೇಲೆ ಬರೆಯಲು ಒತ್ತಡ ಬರುತ್ತದೆ. ಬರೆಯಬೇಡಿ. ಡಬ್ಬ ಒಡೆದು, ಸೀರಿಯಲ್ ನಂಬರ್ ನೋಡಿ, ದಾಸ್ತಾನು ವಹಿಯಲ್ಲಿ ಪುಟದ ಸಂಖ್ಯೆ ಹಾಕಿ, ಆ ಸಂಖ್ಯೆಯನ್ನು ಬಿಲ್ ಹಿಂದೆ ಬರೆದು, ಆಮೇಲೆ ಖಜಾನೆಗೆ ಕಳಿಸಿ.