ಬಲದ ಲೆಕ್ಕ: ಭಾಗಿಸುವ ಮೊದಲು ಕಳೆಯಿರಿ

ಬಲ = ರಾಶಿ × ವೇಗೋತ್ಕರ್ಷ. ಹೈಸ್ಕೂಲ್ ಮಕ್ಕಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಈ ಸೂತ್ರ ಹೇಳುತ್ತಾರೆ. ಲೆಕ್ಕ ಕೊಟ್ಟು ನೋಡಿ, ಎಡವುವುದು ಒಂದೇ ಜಾಗದಲ್ಲಿ. ಕಣ್ಣಿಗೆ ಬಿದ್ದ ಮೊದಲ ಬಲವನ್ನೇ ಸೂತ್ರಕ್ಕೆ ತುರುಕಿ ಭಾಗಿಸಿಬಿಡುತ್ತಾರೆ.

ಒಂದು ಲೆಕ್ಕ ಹಿಡಿದುಕೊಂಡೇ ಹೋಗೋಣ. ಕಾರವಾರದ ಹತ್ತಿರ ಮಾಜಾಳಿ ಕಡಲತೀರ. 200 ಕಿಲೋದ ನಾಡದೋಣಿಯನ್ನು ಆರು ಜನ ಸಮತಟ್ಟಾದ ಮರಳ ಮೇಲೆ ಎಳೆಯುತ್ತಿದ್ದಾರೆ. ದೋಣಿ ಆಗಲೇ ಜಾರತೊಡಗಿದೆ. ಒಬ್ಬೊಬ್ಬರ ಎಳೆತ 250 ನ್ಯೂಟನ್ (ಬಲದ ಮಾನ), ಮರಳಿನ ಘರ್ಷಣೆ 1400 ನ್ಯೂಟನ್ ಅಂತಿಟ್ಟುಕೊಳ್ಳಿ. ವೇಗೋತ್ಕರ್ಷ, ಅಂದರೆ ಸೆಕೆಂಡಿಗೆ ವೇಗ ಬದಲಾಗುವ ಪ್ರಮಾಣ, ಎಷ್ಟು?

ಮೊದಲು ಮಾನಗಳನ್ನು ಸರಿ ಮಾಡಿಕೊಳ್ಳಿ. ಕ್ವಿಂಟಲ್ ಇದ್ದರೆ 100ರಿಂದ ಗುಣಿಸಿ ಕಿಲೋ ಮಾಡಿ. ವೇಗ ಗಂಟೆಗೆ ಕಿಲೋಮೀಟರ್‌ನಲ್ಲಿದ್ದರೆ 3.6ರಿಂದ ಭಾಗಿಸಿ, ಸೆಕೆಂಡಿಗೆ ಮೀಟರ್ ಸಿಗುತ್ತದೆ. ಶಿರಸಿ ಅಡಿಕೆ ಮಂಡಿಯಲ್ಲಿ ‘ಚೀಲದ ತೂಕ 50 ಕಿಲೋ’ ಅನ್ನುತ್ತಾರಲ್ಲ, ಸೂತ್ರದಲ್ಲಿ ಅದು ರಾಶಿ. ಭೂಮಿ ಆ ಚೀಲವನ್ನು ಎಳೆಯುವ ಬಲ 50 × 9.8, ಅಂದರೆ 490 ನ್ಯೂಟನ್. ರಾಶಿಯ ಜಾಗದಲ್ಲಿ 490 ಬರೆದರೆ ಲೆಕ್ಕ ಅಲ್ಲೇ ಕೆಟ್ಟಿತು.

ಈಗ ಚಿತ್ರ ಬರೆಯಿರಿ. ಇದನ್ನು ಬಿಡಲೇಬೇಡಿ. ದೋಣಿಯಂತೆ ಕಾಣಬೇಕಿಲ್ಲ, ಒಂದು ಚೌಕ ಸಾಕು. ದೋಣಿಯ ಮೇಲೆ ಬೀಳುವ ಪ್ರತಿ ಬಲಕ್ಕೂ ಒಂದೊಂದು ಬಾಣ ಹಾಕಿ. ಕೆಳಗೆ ಭೂಮಿಯ ಎಳೆತ, 1960. ಮೇಲಕ್ಕೆ ಮರಳು ಕೊಡುವ ಆಸರೆ, ಅದೂ 1960. ಇವೆರಡೂ ವಜಾ. ಮುಂದಕ್ಕೆ ಆರು ಜನರ 1500, ಹಿಂದಕ್ಕೆ ಘರ್ಷಣೆಯ 1400. ಉಳಿದದ್ದು 100 ನ್ಯೂಟನ್. ಸೂತ್ರದಲ್ಲಿರುವ ‘ಬಲ’ ಈ ಉಳಿಕೆ ಮಾತ್ರ.

ಚಿತ್ರ ಬರೆಯದವರು ನೇರವಾಗಿ 1500ನ್ನು 200ರಿಂದ ಭಾಗಿಸಿ 7.5 ಅಂತ ಬರೆಯುತ್ತಾರೆ. ಹಾಗಿದ್ದರೆ ಎರಡೇ ಸೆಕೆಂಡಿನಲ್ಲಿ ದೋಣಿಯ ವೇಗಕ್ಕೆ ಗಂಟೆಗೆ 54 ಕಿಲೋಮೀಟರ್ ಸೇರಿಕೊಂಡು, ಅದು ತೆಂಗಿನ ತೋಟಕ್ಕೇ ನುಗ್ಗಬೇಕಿತ್ತು!

ಒಬ್ಬ ಹಗ್ಗ ಬಿಟ್ಟ ಅನ್ನಿ. ಈಗ ಮುಂದಕ್ಕೆ 1250, ಹಿಂದಕ್ಕೆ 1400. ಉಳಿಕೆ 150, ಅದೂ ಹಿಂದಕ್ಕೆ. ಜಾರುತ್ತಿದ್ದ ದೋಣಿ ನಿಧಾನವಾಗಿ ನಿಲ್ಲುತ್ತದೆ. ಆಮೇಲೆ? ‘ಸಮುದ್ರದ ಕಡೆ ವಾಪಸ್ ಹೋಗುತ್ತದೆ’ ಅಂತ ಬರೆದ ಉತ್ತರಗಳನ್ನು ನೋಡಿದ್ದೇನೆ. ಹೋಗುವುದಿಲ್ಲ. ನಿಂತ ದೋಣಿಗೆ ಮರಳು ನೀವು ಎಳೆದಷ್ಟೇ ತಡೆ ಒಡ್ಡುತ್ತದೆ. 1250 ಎಳೆದರೆ 1250, ಕೈ ಬಿಟ್ಟರೆ ಸೊನ್ನೆ. ಮತ್ತೆ ಕದಲಿಸಲು ಮಾತ್ರ 1400ಕ್ಕಿಂತ ಸ್ವಲ್ಪ ಜಾಸ್ತಿಯೇ ಬೇಕು. ಎಲ್ಲರೂ ‘ಹೈಸಾ’ ಅಂತ ಒಟ್ಟಿಗೆ ಜಗ್ಗುವುದು ಅದಕ್ಕೇ.

ಎಳೆತವೂ ಘರ್ಷಣೆಯೂ ಸರಿಸಮವಾದರೆ? ಜಾರುತ್ತಿರುವ ದೋಣಿ ಅದೇ ವೇಗದಲ್ಲಿ ಜಾರುತ್ತಲೇ ಇರುತ್ತದೆ. ಉಳಿಕೆ ಸೊನ್ನೆ ಅಂದರೆ ವೇಗ ಬದಲಾಗುವುದಿಲ್ಲ ಅಂತ ಅರ್ಥ, ದೋಣಿ ನಿಂತಿದೆ ಅಂತಲ್ಲ.

ದೋಣಿಯ ಅಡಿಗೆ ಮರದ ದಿಮ್ಮಿ ಕೊಟ್ಟರೆ ತಡೆ ಕಡಿಮೆಯಾಗುತ್ತದೆ. 1400 ಇದ್ದದ್ದು 1300ಕ್ಕೆ ಇಳಿದರೂ ಉಳಿಕೆ 200. ಅದೇ ಆರು ಜನ, ವೇಗೋತ್ಕರ್ಷ ಮಾತ್ರ ದುಪ್ಪಟ್ಟು. ಇನ್ನು ‘ರಾಶಿ ದುಪ್ಪಟ್ಟಾದರೆ ವೇಗೋತ್ಕರ್ಷ ಅರ್ಧ’ ಅನ್ನುವುದು ಉಳಿಕೆ ಬಲ ಅಷ್ಟೇ ಇದ್ದಾಗ ನಿಜ. ದೋಣಿಗೆ ಮೀನು ತುಂಬಿದರೆ ರಾಶಿಯ ಜೊತೆ ಘರ್ಷಣೆಯೂ ಏರುತ್ತದೆ, ಮತ್ತೆ ಮೊದಲಿಂದ ಕಳೆಯಬೇಕು.

ಕೊನೆಗೆ ನಮ್ಮ ಮೊದಲ ಲೆಕ್ಕದ ಭಾಗಾಕಾರ: 100 ÷ 200 = 0.5 ಮೀ/ಸೆ², ಎಳೆಯುವ ದಿಕ್ಕಿಗೆ.

ಗೈಡುಗಳಲ್ಲಿ ಒಂದು ತ್ರಿಕೋನ ಇರುತ್ತದೆ, ಬೇಕಾದ ಅಕ್ಷರವನ್ನು ಬೆರಳಲ್ಲಿ ಮುಚ್ಚಿದರೆ ಸೂತ್ರ ಸಿಗುತ್ತದೆ ಅಂತ. ನನ್ನ ಪ್ರಕಾರ ಅದನ್ನು ಹರಿದು ಬಿಸಾಕಬೇಕು. ಯಾವ ಬಲ ಹಾಕಬೇಕು ಅನ್ನುವುದನ್ನು ತ್ರಿಕೋನ ಹೇಳುವುದಿಲ್ಲ, ಅಲ್ವಾ?

ಮನೆಯಲ್ಲೇ ನೋಡಬೇಕಿದ್ದರೆ ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿಯಿಂದ ಶಾಲೆಯ ಬ್ಯಾಗನ್ನು ನೆಲದ ಮೇಲೆ ಅಡ್ಡಕ್ಕೆ ಎಳೆಯಿರಿ. ಒಂದೇ ವೇಗದಲ್ಲಿ ಜಾರುವಾಗ ಮುಳ್ಳು ತೋರಿಸುವ ಕಿಲೋವನ್ನು 9.8ರಿಂದ ಗುಣಿಸಿದರೆ ಘರ್ಷಣೆ ಸಿಕ್ಕಿತು. ಅಂಕಿ ಮಿನುಗಿ ಅಲ್ಲೇ ನಿಂತುಬಿಡುವ ಡಿಜಿಟಲ್ ತಕ್ಕಡಿ ಇದಕ್ಕೆ ಬೇಡ, ಸುಮ್ನೆ ದುಡ್ಡು ದಂಡ. ಅಂಗಡಿಯಲ್ಲೇ ಕೊಕ್ಕೆಯನ್ನು ಜಗ್ಗಿ ಬಿಟ್ಟು ನೋಡಿ. ಮುಳ್ಳು ಸೊನ್ನೆಗೆ ವಾಪಸ್ ಬರದಿದ್ದರೆ ಬೇರೆಯದು ಕೇಳಿ.