ನೀಲಿ ಹೋದರೆ ಪಿಷ್ಟ ಹೋದಂತೆಯೇ? ಅಮೈಲೇಸ್ ಪ್ರಯೋಗದ ನನ್ನ ಅನುಭವ

ಉಷ್ಣತೆ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಬದಲಾದರೆ ಕಿಣ್ವದ ಕೆಲಸ ಏನಾಗುತ್ತದೆ ಎಂದು ನೋಡಲು ನಾನು ಬಳಸುವುದು ಜೊಲ್ಲುರಸದ ಅಮೈಲೇಸ್, ಅಂದರೆ ಪಿಷ್ಟವನ್ನು ಒಡೆಯುವ ಕಿಣ್ವ. ಪಿಷ್ಟ ಇದ್ದರೆ ಅಯೋಡಿನ್ ನೀಲಿಯಾಗುತ್ತದೆ, ಪಿಷ್ಟ ಒಡೆದಂತೆ ಆ ನೀಲಿ ಹೋಗುತ್ತದೆ. ಜೊಲ್ಲನ್ನು ತೆಳು ಮಾಡಲು ಬರೀ ನೀರಲ್ಲ, ಸ್ವಲ್ಪ ಉಪ್ಪು ಕರಗಿಸಿದ ನೀರು ತೆಗೆದುಕೊಳ್ಳುತ್ತೇನೆ. ಉಪ್ಪಿನಲ್ಲಿರುವ ಕ್ಲೋರೈಡ್ ಇದ್ದರೇ ಈ ಕಿಣ್ವ ಚುರುಕು. ಪಿಷ್ಟದ ದ್ರಾವಣ ಶೇ 1ರಷ್ಟಿದ್ದರೆ ಸಾಕು.

ಪಿಷ್ಟ, ಕಿಣ್ವ ಎರಡನ್ನೂ ಬೇರೆ ಬೇರೆ ಟ್ಯೂಬಿನಲ್ಲಿ ಬೇಕಾದ ಉಷ್ಣತೆಗೆ ತಂದು, ಆಮೇಲೆ ಬೆರೆಸುತ್ತೇನೆ. ಇಲ್ಲದಿದ್ದರೆ 60 ಡಿಗ್ರಿ ಎಂದು ಬರೆದುಕೊಂಡ ಫಲಿತಾಂಶ ನಿಜಕ್ಕೂ 40, 50 ಡಿಗ್ರಿಯದ್ದಾಗಿರಬಹುದು. ಬೆರೆಸಿದ ಮೇಲೆ 30 ಸೆಕೆಂಡಿಗೊಮ್ಮೆ ಒಂದು ಹನಿ ತೆಗೆದು ಬಿಳಿ ತಟ್ಟೆಯ ಗುಳಿಯಲ್ಲಿರುವ ಅಯೋಡಿನ್ನಿಗೆ ಬಿಡುವುದು. 37 ಡಿಗ್ರಿಯ ಸಾಲು ನೋಡಲು ಬಹಳ ಚೆಂದ. ಮೊದಲ ಗುಳಿ ಕಡುನೀಲಿ, ಮುಂದೆ ನೇರಳೆ, ಆಮೇಲೆ ಕೆಂಪು ಬೆರೆತ ಕಂದು, ಕೊನೆಗೆ ಅಯೋಡಿನ್ನಿನದೇ ಹಳದಿ. ಆ ಕೆಂಗಂದು ಬಣ್ಣ ಡೆಕ್ಸ್ಟ್ರಿನ್ನಿನದು, ಅಂದರೆ ಪಿಷ್ಟ ಒಡೆದಾಗ ಸಿಗುವ ತುಂಡುಗಳದು. ಪಿಷ್ಟ ಅರ್ಧ ದಾರಿಯಲ್ಲಿದೆ ಎಂದರ್ಥ.

ಮಂಜುಗಡ್ಡೆಯಲ್ಲಿಟ್ಟ ಟ್ಯೂಬು, ಕುದಿಸಿದ ಕಿಣ್ವದ ಟ್ಯೂಬು ಎರಡರ ಸಾಲೂ ನೀಲಿಯಾಗಿಯೇ ಉಳಿಯುತ್ತದೆ. ಇಲ್ಲಿಗೆ ನಿಲ್ಲಿಸಬೇಡಿ. ಎರಡನ್ನೂ 37 ಡಿಗ್ರಿಯ ನೀರಿಗಿಳಿಸಿ ಮತ್ತೆ ಹನಿ ತೆಗೆಯಿರಿ. ಮಂಜಿನ ಟ್ಯೂಬು ಕೆಲಸ ಶುರು ಮಾಡುತ್ತದೆ, ಕುದ್ದದ್ದು ಮಾಡುವುದಿಲ್ಲ. ಚಳಿಯಲ್ಲಿ ಅಣುಗಳ ಓಡಾಟ ಮಂದವಾಗಿರುತ್ತದೆ, ಅಷ್ಟೇ. ಕುದಿತದಲ್ಲಿ ಪ್ರೋಟೀನಿನ ಮಡಿಕೆಯೇ ಬಿಚ್ಚಿಕೊಂಡು, ಪಿಷ್ಟ ಕೂರುವ ಜಾಗವೇ ಹಾಳಾಗುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಯೋಗದ ಜೀವ ಇಲ್ಲಿದೆ.

ಪಿಎಚ್ ವಿಷಯಕ್ಕೆ ಬಂದರೆ ಅಯೋಡಿನ್ ಮೇಲೂ ಒಂದು ಕಣ್ಣಿರಬೇಕು. ಈ ಕಿಣ್ವಕ್ಕೆ ಹಿತವಾದದ್ದು 7ರ ಆಸುಪಾಸು. ಆದರೆ 11ರ ಟ್ಯೂಬಿನ ಹನಿಯಲ್ಲೂ ನೀಲಿ ಮಾಯವಾಗುತ್ತದೆ. ಕಿಣ್ವ ಅಲ್ಲೂ ಜೋರಾಗಿದೆ ಎನಿಸುತ್ತದೆ, ಅಲ್ವಾ? ಕಿಣ್ವವನ್ನೇ ಹಾಕದ ಟ್ಯೂಬಿನಲ್ಲೂ ಹಾಗೇ ಆಗುತ್ತದೆ. ಕ್ಷಾರ ಅಯೋಡಿನ್ನನ್ನೇ ಖಾಲಿ ಮಾಡಿಬಿಡುತ್ತದೆ. ಆ ಗುಳಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಒಂದೆರಡು ಹನಿ ಬಿಟ್ಟೆ, ನೀಲಿ ವಾಪಸ್ ಬಂತು. ಪಿಷ್ಟ ಎಲ್ಲೂ ಹೋಗಿರಲಿಲ್ಲ. ಅದಕ್ಕೇ ಪ್ರತಿ ಪಿಎಚ್‌ಗೂ ಕಿಣ್ವವಿಲ್ಲದ ಒಂದು ಟ್ಯೂಬನ್ನು ಜೊತೆಗಿಡುತ್ತೇನೆ. ಬಿಸಿಯೂ ಇದೇ ತರ ಮೋಸ ಮಾಡುತ್ತದೆ. ಚೆನ್ನಾಗಿ ಕಾದ ಪಿಷ್ಟದಲ್ಲಿ ಅಯೋಡಿನ್ನಿನ ನೀಲಿ ನಿಲ್ಲುವುದಿಲ್ಲ, ಆರಿದ ಮೇಲೆ ಮರಳುತ್ತದೆ. ಹಾಗಾಗಿ ಬಿಸಿ ಟ್ಯೂಬಿಗೇ ಅಯೋಡಿನ್ ಸುರಿಯುವುದು ಬೇಡ.

ಬರೆದಿಡುವಾಗ ಇನ್ನೊಂದು ಮಾತು. 10 ನಿಮಿಷವಾದರೂ ನೀಲಿ ಹೋಗದ ಟ್ಯೂಬಿನ ಮುಂದೆ ಸುಮ್ನೆ ಸೊನ್ನೆ ಹಾಕಬೇಡಿ. "10 ನಿಮಿಷದಲ್ಲಿ ಮುಗಿಯಲಿಲ್ಲ" ಎಂದೇ ಬರೆಯಿರಿ. ಕಿಣ್ವ ನಿಧಾನವಾಗಿ ನಡೆಯುತ್ತಿದ್ದು, ನಾವು ಕಾಯದೆಯೂ ಇರಬಹುದು.