ಯಾವ ಪುಸ್ತಕ ಓದಲಿ ಅಂತ ಕೇಳುವ ಬಗೆ

ಗೆಳೆಯರನ್ನು "ಒಂದು ಒಳ್ಳೆ ಪುಸ್ತಕ ಹೇಳಿ" ಅಂತ ಕೇಳಿ ನೋಡಿ. ಕುವೆಂಪು, ಕಾರಂತ, ಭೈರಪ್ಪ, ತೇಜಸ್ವಿ, ತಪ್ಪಿದರೆ ಅನಂತಮೂರ್ತಿ. ಹೇಳಿದವರು ಅದನ್ನು ಓದಿದ್ದಾರೋ ಇಲ್ಲವೋ ಬೇರೆ ಮಾತು. ಹಾಗೆ ಕೇಳಿದಾಗ ಯಾರಿಗಾದರೂ ಪರೀಕ್ಷೆಗೆ ಕೂತಂತಾಗುತ್ತದೆ. ತಮಗೆ ಹಿಡಿಸಿದ್ದು ಬಾಯಿಗೆ ಬರುವುದಿಲ್ಲ, ಹೇಳಿದರೆ ಮರ್ಯಾದೆ ಉಳಿಯುವಂಥ ಹೆಸರು ಬರುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರಂತೂ ಕೇಳುವುದೇ ಬೇಡ. ಒಬ್ಬರು ಎರಡು ಹೆಸರು ಹಾಕಿದರೆ ಇನ್ನೊಬ್ಬರು ನಾಲ್ಕು ಹಾಕುತ್ತಾರೆ, ಸಂಜೆಯೊಳಗೆ ಒಂದು ಎಂ.ಎ. ಪಠ್ಯಕ್ರಮ ತಯಾರು.

ನಾನು ಬ್ಯಾಂಕಿನವನು, ಊರು ಧಾರವಾಡ. ಈ ನೌಕರಿಯಲ್ಲಿ ವರ್ಗಾವಣೆ ತಪ್ಪಿದ್ದಲ್ಲ. ಅದರಿಂದ ಆದ ಒಂದು ಲಾಭವೆಂದರೆ ಬೀದರಿನಿಂದ ಚಾಮರಾಜನಗರದವರೆಗೆ ಪರಿಚಯದವರಿದ್ದಾರೆ, ಅವರಲ್ಲಿ ಓದುವವರೂ ಇದ್ದಾರೆ. ಅವರ ಬಾಯಿಂದ ಪುಸ್ತಕದ ಹೆಸರು ಹೊರಡಿಸುವುದನ್ನು ನಾನು ನಿಧಾನಕ್ಕೆ ಕಲಿತೆ.

ಮೊದಲನೆಯದಾಗಿ, ಒಬ್ಬೊಬ್ಬರನ್ನೇ ಕೇಳುತ್ತೇನೆ, ಅದೂ ಚಹಾ ಕುಡಿಯುವಾಗ. "ಇತ್ತೀಚೆಗೆ ಕೊನೇ ಪುಟದ ತನಕ ಓದಿದ್ದು ಯಾವುದು?" ಇದು ಮಾಮೂಲಿ ಪ್ರಶ್ನೆ. ಇದಕ್ಕಿಂತ ಫಲ ಕೊಡುವುದು "ಎರಡನೇ ಸಲ ಓದಿದ್ದು ಯಾವುದು?" ಎಂಬುದು. ಎರಡನೇ ಸಲ ಯಾರೂ ಮರ್ಯಾದೆಗಾಗಿ ಓದುವುದಿಲ್ಲ. "ಅರ್ಧಕ್ಕೆ ಬಿಟ್ಟಿದ್ದು ಯಾವುದು, ಯಾಕೆ?" ಅಂತಲೂ ಕೇಳುತ್ತೇನೆ. ಬಿಟ್ಟ ಪುಸ್ತಕದ ಬಗ್ಗೆ ಜನ ಬಹಳ ಪ್ರಾಮಾಣಿಕರು. ಅವರ ರುಚಿ ನನಗೆ ತಿಳಿಯುವುದು ಅಲ್ಲಿಯೇ. ಅವರು ಬಿಟ್ಟಿದ್ದೇ ನನಗೆ ಹಿಡಿಸಿದ್ದೂ ಉಂಟು.

ಕೇಳುವಾಗ ನನ್ನ ಬಗ್ಗೆಯೂ ಸ್ವಲ್ಪ ಹೇಳಬೇಕಾಗುತ್ತದೆ. ತೇಜಸ್ವಿಯವರ 'ಕರ್ವಾಲೊ' ಬಹಳ ಹಿಡಿಸಿತು ಅಂತ ಹೇಳಿದರೆ ಸಾಕು, ಎದುರಿನವರು ಹಕ್ಕಿ, ಹಾವು, ಕಾಡಿನ ಪುಸ್ತಕಗಳ ಪಟ್ಟಿ ಕೊಡುತ್ತಾರೆ. ಕತೆಯಲ್ಲಿ ಹಾರುವ ಓತಿಯ ಹುಡುಕಾಟ ಇದೆಯಲ್ಲ, ಅದಕ್ಕೆ. ನನಗೆ ಬೇಕಾಗಿದ್ದದ್ದು ಓತಿಯಲ್ಲ. ಮಂದಣ್ಣನಂಥವರು ಕೂತು ಮಾತಾಡುತ್ತಾರಲ್ಲ, ಆ ಹರಟೆ, ಆ ನಗು. ಹಾಗಂತ ಬಿಡಿಸಿ ಹೇಳಿದ ಮೇಲೆ ಪುತ್ತೂರಿನ ಕಡೆಯ ಸಹೋದ್ಯೋಗಿಯೊಬ್ಬರು ಕಾರಂತರ 'ಬೆಟ್ಟದ ಜೀವ' ಓದಲು ಹೇಳಿದರು. 1943ರ ಕಾದಂಬರಿ, ತೇಜಸ್ವಿಯವರದಕ್ಕಿಂತ ನಲವತ್ತು ವರ್ಷದಷ್ಟು ಹಿಂದಿನದು. ದಾರಿ ತಪ್ಪಿ ಬಂದವನನ್ನು ಕೂರಿಸಿ ಉಪಚರಿಸುವ ಗೋಪಾಲಯ್ಯ, ಅವರ ಬಾಯಿಂದ ನಿಲ್ಲದೆ ಹರಿಯುವ ಮಾತು, ಅದರ ಅಡಿಯಲ್ಲಿ ಮನೆ ಬಿಟ್ಟುಹೋದ ಮಗನ ದುಃಖ. ವಿಷಯದಿಂದ ಹುಡುಕಿದ್ದರೆ ಆ ಪುಸ್ತಕ ನನ್ನ ಕೈಗೆ ಸಿಗುತ್ತಿರಲಿಲ್ಲ.

ಓದುವ ಹವ್ಯಾಸವೇ ಇಲ್ಲದವರನ್ನೂ ಕೇಳಬೇಕು. ನಮ್ಮ ಶಾಖೆಯಲ್ಲಿ ಸಂಗೀತದ ಹುಚ್ಚಿನ ಒಬ್ಬರಿದ್ದರು, ಸಂಜೆಯಾದರೆ ತಬಲಾ. "ಪುಸ್ತಕಾ ಗಿಸ್ತಕಾ ನನಗ ಆಗಂಗಿಲ್ಲರೀ" ಅನ್ನುತ್ತಿದ್ದರು. ಸಂಗೀತದ ಮೇಲೆ ಏನಾದರೂ ಓದಿದ್ದೀರಾ ಅಂದರೆ ತಡಮಾಡದೆ 'ನನ್ನ ರಸಯಾತ್ರೆ' ಅಂದರು. ಧಾರವಾಡದವರೇ ಆದ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ ಆತ್ಮಕಥೆ. ಧಾರವಾಡದಲ್ಲಿ ಹುಟ್ಟಿಯೂ ನಾನು ಅದನ್ನು ತೆರೆದಿರಲಿಲ್ಲ. ಮಂಜೀಖಾನ್, ಬುರ್ಜೀಖಾನ್ ಅವರ ಬಳಿ ಕಲಿತ ಕತೆಯನ್ನು ಓದುತ್ತ ನನಗೆ ರಾಗದ ಗಂಧ ಇಲ್ಲದಿದ್ದರೂ ಕಲಿಕೆಯ ಹಸಿವು ಎಂಥದ್ದು ಅಂತ ಗೊತ್ತಾಯಿತು. ಒಂದೇ ಪುಸ್ತಕ ಓದಿದವರು ಹೇಳುವ ಆ ಒಂದು ಪುಸ್ತಕದ ಮೇಲೆ ನನಗೆ ಈಗ ದೊಡ್ಡ ನಂಬಿಕೆ.

ಹೆಸರು ಹೇಳುವುದರ ಜೊತೆಗೆ ಓದುವ ರೀತಿಯನ್ನೂ ಹೇಳಿಕೊಡುವವರು ಸಿಕ್ಕರೆ ಪುಣ್ಯ. ಮೈಸೂರಿನಲ್ಲಿದ್ದಾಗ ನಂಜನಗೂಡು ಕಡೆಯ ಕಿರಿಯ ಸಹೋದ್ಯೋಗಿ 'ಕುಸುಮಬಾಲೆ' ಕೊಟ್ಟ. ದೇವನೂರ ಮಹಾದೇವ ಅವರಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಪುಸ್ತಕ, ಗಾತ್ರದಲ್ಲಿ ಸಣ್ಣದು. ಧಾರವಾಡದ ಕಿವಿಗೆ ಆ ಭಾಷೆ ಹತ್ತಲಿಲ್ಲ. ಎರಡು ಪುಟ ಓದುತ್ತೇನೆ, ನಿಲ್ಲುತ್ತೇನೆ. ಹೇಳಿದೆ. "ಕಣ್ಣಲ್ ಓದ್ಬ್ಯಾಡಿ ಸಾ, ಬಾಯ್ಲಿ ಓದಿ" ಅಂದ. ಅಷ್ಟಕ್ಕೇ ಬಿಡದೆ ರಾತ್ರಿ ಮೊದಲ ಪುಟಗಳನ್ನು ತಾನೇ ಓದಿ ಫೋನಿನಲ್ಲಿ ಕಳಿಸಿದ. ಅವರಜ್ಜಿ ಮಾತಾಡುವ ಧಾಟಿಯಂತೆ ಅದು. ಕೇಳುತ್ತ ಕೇಳುತ್ತ ಪುಟದ ಮೇಲೆ ಬೆರಳಿಟ್ಟುಕೊಂಡು ಹೋದೆ. ಜೋತಮ್ಮಗಳು, ಅಂದರೆ ಮನೆಮನೆಯ ದೀಪಗಳು, ಒಂದೆಡೆ ಸೇರಿ ಮಾತಾಡುವ ಭಾಗಕ್ಕೆ ಬರುವಷ್ಟರಲ್ಲಿ ಅವನ ದನಿಯ ಆಸರೆ ಬೇಕಿರಲಿಲ್ಲ. ಆ ರೆಕಾರ್ಡಿಂಗ್ ಅಳಿಸಿಲ್ಲ. ಕನ್ನಡದ ಎಷ್ಟೋ ಪುಸ್ತಕಗಳಿಗೆ ಆ ಸೀಮೆಯವರೊಬ್ಬರ ದನಿ ಬೇಕು. ಬೆನ್ನುಡಿಯಿಂದ ಆ ಕೆಲಸ ಆಗುವುದಿಲ್ಲ.

ಕೇಳಿದ್ದೆಲ್ಲ ಒಂದು ನೋಟ್‌ಬುಕ್ಕಿಗೆ ಹೋಗುತ್ತದೆ: ಪುಸ್ತಕದ ಹೆಸರು, ಹೇಳಿದವರು, ಮತ್ತೆ ಅವರು ಹೇಳಿದ ಮಾತು ಇದ್ದಹಾಗೇ. "ಚಲೋ ಅದ" ಅಂದಷ್ಟೇ ಇದ್ದರೆ ಸಾಲಿನ ಹಿಂದೆ ಹೋಗಿ ನಿಲ್ಲಲಿ. "ಓದಿ ಆ ರಾತ್ರಿ ಅಪ್ಪಗ ಫೋನ್ ಮಾಡಿದೆ" ಅಂತ ಒಬ್ಬರು ಒಂದು ಪುಸ್ತಕದ ಬಗ್ಗೆ ಹೇಳಿದ್ದರು. ಅದನ್ನು ಆ ವಾರವೇ ಹುಡುಕಿಕೊಂಡು ಹೋದೆ.

ಹುಡುಕುವುದೇ ಇನ್ನೊಂದು ಕತೆ. ಕನ್ನಡದಲ್ಲಿ ಸಾವಿರ ಪ್ರತಿ ಅಚ್ಚಾಗಿ ಮುಗಿದರೆ ಮರುಮುದ್ರಣ ಯಾವಾಗಲೋ ಏನೋ. ಧಾರವಾಡದ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ ಕೇಳುತ್ತೇನೆ, ಬೆಂಗಳೂರಿಗೆ ಹೋದಾಗ ಗಾಂಧಿಬಜಾರಿನ ಅಂಕಿತ ಪುಸ್ತಕದಂಗಡಿಗೆ ಹೋಗುತ್ತೇನೆ. ತೀರಾ ಹಳೆಯದಾದರೆ ಇಂಟರ್ನೆಟ್ ಆರ್ಕೈವಿನಲ್ಲಿ ಸ್ಕ್ಯಾನ್ ಪ್ರತಿ ಸಿಗಬಹುದು. ಎಲ್ಲೂ ಇಲ್ಲದಿದ್ದರೆ ಹೇಳಿದವರ ಮನೆಯಿಂದಲೇ ಕಡ ತರುವುದು. ಕಡ ತಂದ ಪುಸ್ತಕಕ್ಕೆ ಬ್ಯಾಂಕಿನ ಸಾಲದ ಹಾಗೆಯೇ ವಾಯಿದೆ ಬರೆದಿಡುತ್ತೇನೆ, ಇಲ್ಲವಾದರೆ ಸ್ನೇಹ ಕೆಡುತ್ತದೆ.

ಓದಿ ಮುಗಿದ ಮೇಲೆ ಹೇಳಿದವರಿಗೆ ತಿಳಿಸುವುದನ್ನು ನಾನು ತಪ್ಪಿಸುವುದಿಲ್ಲ. "ಚೆನ್ನಾಗಿತ್ತು" ಅಂದರೆ ಮಾತು ಅಲ್ಲಿಗೇ ಮುಗಿಯಿತು. ಯಾವುದಾದರೂ ಒಂದು ಜಾಗ ಹಿಡಿದು ಹೇಳಬೇಕು: ಇಲ್ಲಿ ನಕ್ಕೆ, ಇಲ್ಲಿ ಬೇಸರ ಬಂತು. ಹಿಡಿಸದಿದ್ದರೆ ಅದನ್ನೂ ಹೇಳುತ್ತೇನೆ. ಬೇಜಾರು ಮಾಡಿಕೊಂಡವರು ಕಡಿಮೆ. "ಹಂಗಾರ ನಿಮಗ ಇದು ಬ್ಯಾಡ, ತಡೀರಿ" ಅಂತ ಒಳಗೆ ಹೋಗಿ ಇನ್ನೊಂದು ತಂದುಕೊಟ್ಟವರೇ ಜಾಸ್ತಿ. ಆ ಎರಡನೆಯದು ಸಾಮಾನ್ಯವಾಗಿ ಗುರಿ ತಪ್ಪುವುದಿಲ್ಲ.

ಈಗ ಜನ ನನ್ನನ್ನು ಕೇಳುತ್ತಾರೆ. ಮೊನ್ನೆ ಕ್ಯಾಷಿಯರ್ ಮೇಡಂ, ಪಿಯುಸಿ ಓದುವ ಮಗಳಿಗೆ ಒಂದು ಕನ್ನಡ ಪುಸ್ತಕ ಹೇಳಿ ಸರ್, ಇಂಗ್ಲಿಷ್ ಬಿಟ್ಟು ಬೇರೇನೂ ಮುಟ್ಟಲ್ಲ ಅಂದರು. ನಾನು ಹೆಸರು ಹೇಳಿಲ್ಲ. ಅವಳು ಕನ್ನಡದಲ್ಲಿ ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು, ಯಾವ ಪುಟದಲ್ಲಿ ಬಿಟ್ಟಳು ಅಂತ ಕೇಳಿಕೊಂಡು ಬನ್ನಿ ಅಂದಿದ್ದೇನೆ.